ಬಾಕ್ಸ್ ಸೈಕಲ್ ಮುಟ್ಟದ ಏಳು ಅಂಗಡಿಗಳು

ಜುಲೈ 14, ಸೋಮವಾರ, ಸಂಜೆ 6:40. ಬರೆಯಲು ಕೂತಿದ್ದೇನೆ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇದೆ, ಎರಡು ಸಲ ಸೋಪು ಹಚ್ಚಿದರೂ ಹೋಗಿಲ್ಲ. ಸಿಟ್ಟೂ ಹೋಗಿಲ್ಲ. ಅದು ಆರುವವರೆಗೆ ಕಾದರೆ ಎಲ್ಲರನ್ನೂ ಕ್ಷಮಿಸಿಬಿಡುತ್ತೇನೇನೋ ಎಂಬ ಭಯವಿದೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ತಾರೀಖುಗಳೆಲ್ಲ ನನ್ನ ದಿನಚರಿಯಲ್ಲಿ ಇರುವಂತೆಯೇ ಇವೆ.

ಜೂನ್ 9ರಂದು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ತರಬೇತಿಗೆ ಸೇರಿದೆ. ಡಿಪ್ಲೊಮಾ ಮುಗಿಸಿ ಹನ್ನೊಂದು ಕಡೆ ಅರ್ಜಿ ಹಾಕಿದ ಮೇಲೆ ಸಿಕ್ಕ ಮೊದಲ ಕೆಲಸ. ಅಲ್ಲಿ ಬೋಲ್ಟುಗಳು ತಯಾರಾಗುತ್ತವೆ. ಬೋಲ್ಟಿನ ಮೈಮೇಲಿನ ತಿರುಪು, ಅಂದರೆ ಥ್ರೆಡ್ಡು, ಸರಿ ಇದೆಯೋ ಇಲ್ಲವೋ ನೋಡುವುದು ನನ್ನ ಪಾಲಿನ ಕೆಲಸ. ಉಕ್ಕಿನ ಒಂದು ಗೇಜು ಕೊಟ್ಟಿರುತ್ತಾರೆ. ಬೋಲ್ಟು ಅದರೊಳಗೆ ಬೆರಳಿನಲ್ಲೇ ತಿರುಗಿ ಹೋಗಬೇಕು. ಬಲ ಹಾಕಬೇಕಾಯಿತು ಎಂದರೆ ಅದು ಕೆಂಪು ಡಬ್ಬಿಗೆ.

ಹಾಜರಾತಿ ಬೆಳಿಗ್ಗೆ ಎಂಟಕ್ಕೆ. ಮೂರು ತಿಂಗಳ ತರಬೇತಿಯಲ್ಲಿ ಮೂರು ಸಲ ತಡವಾದರೆ ಅಲ್ಲಿಗೇ ಮುಗಿಯಿತು ಎಂದು ಕೊಟ್ಟ ಪತ್ರದಲ್ಲೇ ಬರೆದಿತ್ತು. ನಮ್ಮ ಮನೆ ಹೊಸೂರಿನ ಹತ್ತಿರ. ಅಲ್ಲಿಂದ ಕಾರ್ಖಾನೆಯ ಗೇಟಿಗೆ ಎಂಟು ಕಿಲೋಮೀಟರ್. ಏಳೂ ಹತ್ತರ ಬಸ್ಸನ್ನು ನಾನು ಇಪ್ಪತ್ತೊಂದು ದಿನ ಹಿಡಿದೆ. ಹದಿನಾಲ್ಕು ದಿನ ಸಮಯಕ್ಕೆ ಬಂತು. ಐದು ದಿನ ಇಳಿದು ಓಡಿ ಗೇಟು ಮುಟ್ಟಿದೆ. ಎರಡು ದಿನ, ಜೂನ್ 24 ಮತ್ತು ಜುಲೈ 2ರಂದು, ಓಡಿದರೂ ಮುಟ್ಟಲಿಲ್ಲ. ಹೀಗೆ ನನ್ನ ಹೆಸರಿನ ಮುಂದೆ ಎರಡು ಕೆಂಪು ಗೀಟು ಬಿದ್ದವು. ಉಳಿದದ್ದು ಒಂದು.

ಮರುದಿನದಿಂದ ಅಪ್ಪ ಸ್ಕೂಟರಿನಲ್ಲಿ ಬಿಡತೊಡಗಿದರು. ಅಪ್ಪ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ತೂಕ ಬರೆಯುತ್ತಾರೆ. ನನ್ನನ್ನು ಬಿಟ್ಟು ಅಲ್ಲಿಗೆ ಹೋಗುವಷ್ಟರಲ್ಲಿ ಅವರಿಗೇ ತಡವಾಗುತ್ತಿತ್ತು. ಸಾಹುಕಾರರು ಏನು ಅಂದರೋ ಗೊತ್ತಿಲ್ಲ, ಆ ವಾರದ ಕೊನೆಗೆ ಅಪ್ಪ ಊಟಕ್ಕೆ ಕೂತಾಗ, ಹನ್ನೆರಡನೇ ತಾರೀಖಿನ ತನಕ ಬಿಡುತ್ತೇನೆ, ಹದಿನಾಲ್ಕರಿಂದ ನಿನ್ನ ದಾರಿ ನೀನು ನೋಡಿಕೋ ಎಂದುಬಿಟ್ಟರು. ಬಸ್ಸಿನಲ್ಲೇ ಹೋಗು ಎಂದು ಅವ್ವ ಅಂದಳು. ಇಪ್ಪತ್ತೊಂದರಲ್ಲಿ ಎರಡು ಎನ್ನುವುದು ನನಗೆ ಸಣ್ಣ ಅಂಕಿಯಾಗಿ ಕಾಣಲಿಲ್ಲ. ಸೈಕಲ್ ಕೊಳ್ಳುವ ವಿಚಾರ ಅದಕ್ಕೂ ಎರಡು ದಿನ ಮೊದಲೇ ತಲೆಗೆ ಬಂದಿತ್ತು.

ಮೊದಲು ಹೋಗಿದ್ದು ನಮ್ಮ ಓಣಿಯ ತಿರುವಿನಲ್ಲಿರುವ ಸೈಕಲ್ ಕಾಕಾ ಅವರ ಅಂಗಡಿಗೆ. ಜುಲೈ 3, ಸಂಜೆ 6:15. ಬೋರ್ಡಿನ ಮೇಲೆ ‘ಮಾರಾಟ ಮತ್ತು ದುರಸ್ತಿ’ ಎಂದು ಈಗಲೂ ಇದೆ. ಮಾರಾಟ ನಿಂತು ಎಷ್ಟು ವರ್ಷವಾಯಿತೋ. ಅಂಗಡಿಯ ಅರ್ಧ ಭಾಗವನ್ನು ಮೊಬೈಲ್ ರಿಪೇರಿಯವನಿಗೆ ಬಾಡಿಗೆ ಕೊಟ್ಟಿದ್ದಾರೆ, ಉಳಿದರ್ಧದಲ್ಲಿ ಸ್ಕೂಟರುಗಳ ಪಂಕ್ಚರ್. ಅಪ್ಪನ ಕಾಲದಲ್ಲಿ ಹಾಗಿರಲಿಲ್ಲವಂತೆ. ಸೈಕಲ್ಲು ಬಿಡಿಬಿಡಿಯಾಗಿ ಬರುತ್ತಿತ್ತು: ಕಾಗದ ಸುತ್ತಿದ ಫ್ರೇಮು, ಬರಿಯ ರಿಮ್ಮು, ಕಟ್ಟು ಕಟ್ಟಿದ ಕಡ್ಡಿಗಳು. ಕೊಂಡವನನ್ನು ಎದುರಿಗೆ ಕೂರಿಸಿಕೊಂಡು ಕಾಕಾ ಒಂದು ಇಡೀ ದಿನ ಫಿಟಿಂಗ್ ಮಾಡುತ್ತಿದ್ದರು. ಮೊದಲ ನಟ್ಟು ಬಿಗಿದವನೇ ಆ ಸೈಕಲ್ಲಿಗೆ ಜವಾಬ್ದಾರ. ಚಕ್ರ ಅಲುಗಾಡಲಿ, ಬ್ರೇಕ್ ಕೈಕೊಡಲಿ, ಅವನಲ್ಲಿಗೇ ಹೋಗಬೇಕು, ಅವನೇ ಮಾಡಿಕೊಡಬೇಕು. ಬೇರೆ ಮಿಸ್ತ್ರಿ ಅದನ್ನು ಮುಟ್ಟುತ್ತಿರಲಿಲ್ಲ. ಅಪ್ಪ ಇದನ್ನು ದೊಡ್ಡ ಮರ್ಯಾದೆಯ ಸಂಗತಿಯೆಂಬಂತೆ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ.

ಕಪ್ಪು ಬಣ್ಣ, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಬೆಲ್ಲು. ನಾನು ಕೇಳಿದ್ದು ಇಷ್ಟೇ. ತರಿಸಿಕೊಡುತ್ತೇನೆ ಎಂದರು ಕಾಕಾ. ಯಾವತ್ತು ಎಂದು ಕೇಳಿದೆ.

“ಹದಿನೈದ ದಿನ ಅನ್ಕೋ ತಂಗಿ.”

“ಅನ್ಕೊಳ್ಳೂದ ಬ್ಯಾಡ್ರಿ ಕಾಕಾ. ತಾರೀಖ ಹೇಳ್ರಿ.”

“ಮದವಿ ಐತೇನು ನಿಂದು, ತಾರೀಖ ಹಿಡಿಯಾಕ? ಬರತೈತಿ ಅಂದ್ನೆಲ್ಲ.”

ಮೊಬೈಲ್ ರಿಪೇರಿಯವನು ತಲೆಯೆತ್ತದೆ ನಕ್ಕ. ಹದಿನೈದು ದಿನ ಎಂದರೆ ಹದಿನೆಂಟನೇ ತಾರೀಖು, ಅದೂ ಕಾಕಾ ಹೇಳಿದ ದಿನಕ್ಕೇ ಬಂದರೆ. ನಾನು ಸರಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಒಪ್ಪಿದಳು ಎಂದೇ ಅವರು ತಿಳಿದಿರಬೇಕು; ಆಮೇಲೆ ಅದೇ ನನ್ನ ತಪ್ಪುಗಳಲ್ಲಿ ಒಂದಾಯಿತು.

ಜುಲೈ 5, ಶನಿವಾರ, ಗೋಕುಲ ರಸ್ತೆಯ ಶೋರೂಮು. ಗಾಜಿನ ಬಾಗಿಲು, ಎಸಿ, ಗೋಡೆಯಲ್ಲಿ ಕೊಕ್ಕೆಗೆ ತೂಗುಹಾಕಿದ ಸೈಕಲ್ಲುಗಳು. ಎಣಿಸಿದೆ: ಮೂವತ್ತೆರಡು. ಮಡ್‌ಗಾರ್ಡ್ ಇದ್ದವು ಆರು. ಆ ಆರೂ ಮಕ್ಕಳವು. ಕ್ಯಾರಿಯರ್ ಇದ್ದದ್ದು ಒಂದೂ ಇಲ್ಲ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದಾದ ಮಾರಾಟದವನು ಟ್ಯಾಬ್ ಹಿಡಿದುಕೊಂಡು ಬಂದ. ಸೈಕಲ್ ತೋರಿಸುವ ಮೊದಲು ನನ್ನ ಮಾಹಿತಿ ತುಂಬಿಸಬೇಕಂತೆ. ಸೈಕಲ್ ಯಾತಕ್ಕೆ ಎಂಬ ಪ್ರಶ್ನೆಗೆ ನಾಲ್ಕು ಉತ್ತರಗಳಿದ್ದವು: ಫಿಟ್‌ನೆಸ್, ವಾರಾಂತ್ಯ, ಮಕ್ಕಳಿಗೆ, ಉಡುಗೊರೆ. ಕೆಲಸಕ್ಕೆ ಹೋಗಲು ಎಂದೆ. ಅವನು ಬೆರಳು ಗಾಳಿಯಲ್ಲೇ ನಿಲ್ಲಿಸಿದ.

“ಈಗ ಕೆಲಸಕ್ಕ ಸೈಕಲ್ ಮ್ಯಾಲ ಯಾರ ಹೊಕ್ಕಾರ್ರಿ ಮೇಡಂ? ಫಿಟ್‌ನೆಸ್ ಹಾಕಿರ್ತೇನ್ರಿ.”

ಹಾಕಿದ. ನಾನು ಕೇಳಿದ ಸೈಕಲ್ಲು ಹನ್ನೆರಡು ದಿನ ಬಿಟ್ಟು ಬರುತ್ತದೆ, ಅಲ್ಲಿಯವರೆಗೆ ದಪ್ಪ ಟಯರಿನ ಇದನ್ನು ನೋಡಿ ಎಂದ. ಹೊರಗೆ ಒಂದು ಸುತ್ತು ಹೊಡೆದು ನೋಡುತ್ತೇನೆ ಎಂದರೆ ಟಯರು ಮಣ್ಣಾಗುತ್ತದೆ ಎಂದ. ಸೈಕಲ್ಲಿನ ಟಯರು ಮಣ್ಣಾಗಬಾರದು ಎನ್ನುವ ಅಂಗಡಿಯಲ್ಲಿ ನನಗೇನು ಕೆಲಸ ಎಂದುಕೊಂಡು ಇಳಿದು ಬಂದೆ.

ಭಾನುವಾರ ಬೆಳಿಗ್ಗೆ 9:50ಕ್ಕೆ ಮೊಬೈಲಿನಲ್ಲಿ ಆರ್ಡರ್ ಮಾಡಿದೆ. ಕಪ್ಪು ಬಣ್ಣ, ಮಡ್‌ಗಾರ್ಡ್, ಕ್ಯಾರಿಯರ್, ಎಲ್ಲ ಇತ್ತು. ಗುರುವಾರ ಬರುತ್ತದೆ ಎಂದಿತ್ತು, ಗುರುವಾರವೇ ಬಂತು. ಇಷ್ಟು ಜನರಲ್ಲಿ ಕೊಟ್ಟ ತಾರೀಖು ಉಳಿಸಿಕೊಂಡದ್ದು ಮುಖವೇ ಇಲ್ಲದ ಆ ಕಂಪನಿ ಒಂದೇ. ಬಂದದ್ದು ನನ್ನ ಎದೆಯವರೆಗಿನ ಒಂದು ರಟ್ಟಿನ ಬಾಕ್ಸು. ಒಳಗೆ ಮುಂದಿನ ಚಕ್ರ ಬೇರೆ, ಹ್ಯಾಂಡಲ್ ಬೇರೆ, ಸೀಟು ಬೇರೆ, ಪೆಡಲ್ಲುಗಳು ಬೇರೆ. ‘ಹತ್ತಿರದ ಸೈಕಲ್ ಮಿಸ್ತ್ರಿಯಿಂದ ಜೋಡಿಸಿಕೊಳ್ಳಿ’ ಎಂದು ಚೀಟಿ.

ಅವತ್ತೇ ಸಂಜೆ ಕಾಕಾ ಅಂಗಡಿಗೆ ಹೋಗಿ, ಬಾಕ್ಸ್ ಬಂದಿದೆ, ಫಿಟ್ ಮಾಡಿಕೊಡಿ, ಕೇಳಿದಷ್ಟು ಕೊಡುತ್ತೇನೆ ಎಂದೆ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸುತ್ತಿದ್ದ ಅವರು ಎಲ್ಲಿ ತಗೊಂಡಿ ಎಂದು ಕೇಳಿದರು. ಹೇಳಿದೆ. ಆಮೇಲೆ ಟ್ಯೂಬಿನಿಂದ ಏಳುವ ಗುಳ್ಳೆ ನೋಡುತ್ತಲೇ, ಬಾಕ್ಸು ಯಾರು ಕಳಿಸಿದರೋ ಅವರನ್ನೇ ಕರೆಸು ಎಂದರು. ಮತ್ತೆ ಮುಖವೆತ್ತಲಿಲ್ಲ.

ಶುಕ್ರವಾರ ಮತ್ತು ಶನಿವಾರ ಸಂಜೆ ಕೆಲಸ ಬಿಟ್ಟ ಮೇಲೆ ಊರು ಸುತ್ತಿದೆ. ಅದೇ ಶೋರೂಮು, ಗೋಕುಲ ರಸ್ತೆಯ ಇನ್ನೆರಡು ಅಂಗಡಿ, ದುರ್ಗದಬೈಲಿನ ಸುತ್ತಮುತ್ತ ಎರಡು, ಕೇಶ್ವಾಪುರದಲ್ಲಿ ಒಂದು. ಕಾಕಾ ಅವರದೂ ಸೇರಿ ಏಳು. ಏಳರಲ್ಲೂ ಮೊದಲ ಪ್ರಶ್ನೆ ಒಂದೇ: ಎಲ್ಲಿ ತಗೊಂಡೀರಿ? ಏನು ಕೆಟ್ಟಿದೆ, ಎಷ್ಟು ಇಂಚಿನದು, ಯಾವಾಗ ಬೇಕು ಎಂದು ಒಬ್ಬರೂ ಕೇಳಲಿಲ್ಲ. ಶೋರೂಮಿನವನು ನಿಯಮ ಎಂದ. ಒಬ್ಬರು ಆಳಿಲ್ಲ ಎಂದರು; ಆಳು ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ. ಕೇಶ್ವಾಪುರದವರು, ಬಾಕ್ಸಿನವರು ಬಿಗಿದ ನಟ್ಟನ್ನು ನಾನು ನಂಬುವುದಿಲ್ಲ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದಾದರೆ ಮುಂದಿನ ವಾರ ಬನ್ನಿ ಎಂದರು. ಉಳಿದವರು ಬರೀ ಕೈ ಆಡಿಸಿದರು.

ದುರ್ಗದಬೈಲಿನ ಒಬ್ಬರು ಮಾತ್ರ ಕಾರಣ ಹೇಳಿದರು. ಹಿಂದೊಮ್ಮೆ ಇಂಥದೇ ಬಾಕ್ಸಿನ ಸೈಕಲ್ಲನ್ನು ಯಾರೋ ಫಿಟ್ ಮಾಡಿಕೊಟ್ಟರಂತೆ. ಬ್ರೇಕಿನ ತಂತಿ ಹರಿದು ಒಬ್ಬ ಹುಡುಗ ಬಿದ್ದು ಹಲ್ಲು ಮುರಿದುಕೊಂಡನಂತೆ. ತಂತಿ ಕಂಪನಿಯದು. ಆದರೆ ಹುಡುಗನ ಅಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಕೊರಳಪಟ್ಟಿ ಹಿಡಿದದ್ದು ಮಿಸ್ತ್ರಿಯದು. ಕಂಪನಿಗೆ ಕೊರಳಿಲ್ಲವಲ್ಲ. “ಅವತ್ತ ಮಾತಾಗೇತ್ರಿ ಅಕ್ಕಾರ, ಬಾಕ್ಸ್ ಸೈಕಲ್ ಯಾರೂ ಮುಟ್ಟಬಾರದು ಅಂತ,” ಎಂದರು. ಯಾರು ಯಾರ ನಡುವೆ ಆದ ಮಾತು, ಎಲ್ಲಿ ಕೂತು ಆಡಿದ್ದು ಎಂದು ಕೇಳಿದೆ. ಎಲ್ಲಾರದೂ ಎಂದರು, ಅಷ್ಟೇ.

ಅವರ ಸಿಟ್ಟು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಬಾಕ್ಸಿನೊಳಗಿನ ಚಕ್ರ ತಾನಾಗಿ ಕೂರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ನಾನೇ ಕೂತೆ. ಚಕ್ರಕ್ಕೆ ನಲವತ್ತು ನಿಮಿಷ, ಹ್ಯಾಂಡಲ್ಲಿಗೆ ಇಪ್ಪತ್ತೈದು, ಬ್ರೇಕುಗಳಿಗೆ ಒಂದೂಕಾಲು ಗಂಟೆ, ಸೀಟಿಗೆ ಹತ್ತು. ಬಲಗಡೆಯ ಪೆಡಲ್ಲು ಬೆರಳಿನಲ್ಲೇ ತಿರುಗಿ ಹೋಯಿತು. ಎಡಗಡೆಯದು ಹಿಡಿಯಲೇ ಇಲ್ಲ. ಬಲಕ್ಕೆ ತಿರುಗಿಸಿದೆ, ತಿರುಗಿಸುತ್ತಲೇ ಇದ್ದೆ. ಥ್ರೆಡ್ಡು ಒಂದಕ್ಕೊಂದು ಕಚ್ಚಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ನಾನು ದಿನಾ ಥ್ರೆಡ್ಡು ನೋಡುವವಳು. ಮೊದಲ ಸುತ್ತು ಜಜ್ಜಿಹೋದ ಬೋಲ್ಟು ಹೀಗೇ ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ಮಾಲೇ ಸರಿಯಿಲ್ಲ ಎಂದು ದಿನಚರಿಯಲ್ಲಿ ಸಮಯದ ಸಮೇತ ಬರೆದುಕೊಂಡೆ. ಆಮೇಲೆ ಅರ ತಂದು ಪೆಡಲ್ಲಿನ ಮೊದಲ ಎರಡು ಸುತ್ತನ್ನು ಉಜ್ಜಿ ತೆಗೆದೆ. ಪಾನಾ ಹಾಕಿ, ಪಾನಾದ ಹಿಡಿಗೆ ಅಪ್ಪನ ಕಬ್ಬಿಣದ ಪೈಪು ಸಿಕ್ಕಿಸಿ, ಇಡೀ ಮೈ ಭಾರ ಬಿಟ್ಟು ಬಲಕ್ಕೆ ಒತ್ತಿದೆ. ಕಿರ್ ಎಂದು ಎರಡು ಸುತ್ತು ಹೋಗಿ ಗಟ್ಟಿಯಾಯಿತು. ಬಲ ಹಾಕಬಾರದು ಎಂಬ ನಿಯಮ ನೆನಪಿರಲಿಲ್ಲವೆಂದಲ್ಲ. ಮರುದಿನ ಎಂಟು ಗಂಟೆ ಎಂಬುದು ಅದಕ್ಕಿಂತ ಹೆಚ್ಚು ನೆನಪಿತ್ತು. ಓಣಿಯಲ್ಲಿ ನಾಲ್ಕು ಸುತ್ತು ಹೊಡೆದೆ, ಏನೂ ಆಗಲಿಲ್ಲ.

ಇವತ್ತು 7:00ಕ್ಕೆ ಹೊರಟೆ. ಗೋಕುಲ ರಸ್ತೆಯಲ್ಲಿ ನಾನು ಹಾಕಿದ ಲೆಕ್ಕಕ್ಕಿಂತ ಚೆನ್ನಾಗಿಯೇ ಹೋಗುತ್ತಿದ್ದೆ. ವಿಮಾನ ನಿಲ್ದಾಣ ದಾಟಿ ಸ್ವಲ್ಪ ಮುಂದೆ, 7:26ಕ್ಕೆ, ಎಡಗಾಲು ಒಮ್ಮೆಲೇ ಗಾಳಿಗೆ ಹೋಯಿತು. ಪೆಡಲ್ಲು ರಸ್ತೆಯ ಮೇಲೆ ಬಿದ್ದಿತ್ತು. ಅದು ಕೂತಿದ್ದ ತೂತಿನಿಂದ ಲೋಹದ ಸಣ್ಣ ಎಳೆಗಳು ಉದುರುತ್ತಿದ್ದವು. ಕೈಯಿಂದ ಒತ್ತಿದೆ, ಕಲ್ಲಿನಿಂದ ಬಡಿದೆ. 7:31ಕ್ಕೆ ಏಳೂ ಹತ್ತರ ಬಸ್ಸು, ಸರಿಯಾದ ಸಮಯಕ್ಕೆ, ನನ್ನ ಪಕ್ಕದಲ್ಲೇ ಹೋಯಿತು. ಅಲ್ಲಿ ಸ್ಟಾಪಿಲ್ಲ. ಕೈ ಮಾಡಿದೆ, ನಿಲ್ಲಲಿಲ್ಲ. ಒಂದೇ ಕಾಲಿನಲ್ಲಿ ತುಳಿದು, ಏರಿನಲ್ಲಿ ತಳ್ಳಿಕೊಂಡು, ಗೇಟು ಮುಟ್ಟಿದಾಗ 8:04.

ಸೂಪರ್‌ವೈಸರ್ ಹಾಜರಾತಿ ಪುಸ್ತಕ ಮುಚ್ಚಿರಲಿಲ್ಲ. ನನ್ನ ಕೈಯಲ್ಲಿದ್ದ ಪೆಡಲ್ಲು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಎಡಗಡೆಯ ಪೆಡಲ್ಲಿನ ಥ್ರೆಡ್ಡು ಉಲ್ಟಾ ಇರುತ್ತದೆ, ಎಡಕ್ಕೇ ತಿರುಗಿಸಬೇಕು ಎಂದು ನನಗೆ ಗೊತ್ತಾದದ್ದು ಆಗ. ನಮ್ಮ ಬೋಲ್ಟುಗಳೆಲ್ಲ ಬಲಕ್ಕೆ ತಿರುಗುವಂಥವು. ಉಲ್ಟಾ ಥ್ರೆಡ್ಡನ್ನು ಐದು ವಾರದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಥ್ರೆಡ್ ನೋಡೂ ಹುಡುಗಿ ನೀ. ಇಷ್ಟ ದಿನಾ ನೀ ಪಾಸ್ ಮಾಡಿದ ಮಾಲು ಯಾರ್ಯಾರ ಗಾಡ್ಯಾಗ ಕುಂತೈತೋ ಏನೋ,” ಎಂದರು. ಹಿಂದೆ ನಿಂತಿದ್ದವರು ನಕ್ಕರು. ಗೀಟು ಎಳೆದರು. ಐದು ವಾರದಲ್ಲಿ ನಾನು ಪಾಸ್ ಮಾಡಿದ ಒಂದು ಬೋಲ್ಟೂ ಹಿಂದಕ್ಕೆ ಬಂದಿಲ್ಲ, ಬೇಕಾದರೆ ಪುಸ್ತಕ ತೆಗೆದು ನೋಡಿ ಎಂದೆ. ಪುಸ್ತಕ ಯಾರೂ ತೆಗೆಯಲಿಲ್ಲ. ಹನ್ನೊಂದೂವರೆಗೆ ಆಫೀಸಿಗೆ ಕರೆದು ಪತ್ರ ಕೊಟ್ಟರು. ಎರಡೇ ಸಾಲು, ಅದರಲ್ಲಿ ನನ್ನ ಊರಿನ ಹೆಸರು ತಪ್ಪು.

ಎಂಟು ಕಿಲೋಮೀಟರ್ ತಳ್ಳಿಕೊಂಡು ಬಂದೆ. ಓಣಿಯ ತಿರುವಿನಲ್ಲಿ ಕಾಕಾ ಎದುರಾದರು. ಸೈಕಲ್ಲಿನ ಎಡಗಡೆ ನೋಡಿದರು, ಬಗ್ಗಿ ತೂತಿನೊಳಗೆ ಬೆರಳಾಡಿಸಿದರು. ಇಷ್ಟು ದಿನದಲ್ಲಿ ಆ ಸೈಕಲ್ಲನ್ನು ಅವರು ಮುಟ್ಟಿದ್ದು ಅದೊಂದೇ ಸಲ. ಪೆಡಲ್ಲು ಕೂರುವ ಕ್ರ್ಯಾಂಕ್ ಪೂರ್ತಿ ಹೋಗಿದೆ, ಹೊಸದೇ ಹಾಕಬೇಕು, ಎಡಗಡೆಯದು ಉಲ್ಟಾ ಎಂದು ಶಾಲೆಗೆ ಹೋಗುವ ಹುಡುಗರಿಗೂ ಗೊತ್ತು ಎಂದರು. ನಾನು ಬಯ್ಯಬೇಕೆಂದಿದ್ದೆ. ಬಾಯಿಗೆ ಬಂದದ್ದು ಇಷ್ಟು:

“ಗುರುವಾರ ಇದೊಂದ ಮಾತ ಹೇಳಿದ್ರ ಸಾಕಿತ್ತಲ್ರಿ ಕಾಕಾ. ನೀವು ಕೈ ಹಚ್ಚೂದ ಬ್ಯಾಡಾಗಿತ್ತು.”

“ಹೇಳಿದ್ರ ನಾ ಫಿಟ್ ಮಾಡಿದಂಗ ಆಕ್ಕಿತ್ತು.”

ಅವರು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು. ನನಗೆ ಅದೇ ತಡೆಯಲಾಗಲಿಲ್ಲ. ಹೊಸ ಕ್ರ್ಯಾಂಕ್ ನೀವೇ ಹಾಕುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ನಾನೂ ಇನ್ನು ನಿಮ್ಮ ಅಂಗಡಿಯ ಮುಂದೆ ಹಾಯುವುದಿಲ್ಲ ಎಂದು ಹೇಳಿ ಬಂದೆ. ಓಣಿಗೆ ಇರುವುದು ಅದೊಂದೇ ತಿರುವು, ನಾಳೆಯೇ ಹಾಯಬೇಕಾಗುತ್ತದೆ. ಹಾಯುತ್ತೇನೆ, ಮಾತಾಡುವುದಿಲ್ಲ.

ಸೈಕಲ್ ವಾಪಸು ತೆಗೆದುಕೊಳ್ಳಿ ಎಂದು ಮೊಬೈಲಿನಲ್ಲಿ ಬರೆದಿದ್ದೆ; ಬಾಕ್ಸ್ ಕಳಿಸಿದ ಕಂಪನಿಯ ಉತ್ತರ ಮಧ್ಯಾಹ್ನ 3:12ಕ್ಕೆ ಬಂತು: ಮಿಸ್ತ್ರಿಯಿಂದ ಜೋಡಿಸದ ಕಾರಣ ವಾಪಸು ತೆಗೆದುಕೊಳ್ಳಲಾಗದು. ಅಪ್ಪನಿಗೆ ಇನ್ನೂ ಹೇಳಿಲ್ಲ. ನಾಳೆಯಿಂದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೇಳಲು ಶುರು ಮಾಡಬೇಕು, ಹನ್ನೆರಡನೇ ಅರ್ಜಿ. ಅಲ್ಲೂ ಎಂಟು ಗಂಟೆಯೇ ಇರುತ್ತದೆ.

ಈಗ 8:25. ಇದನ್ನು ಓದಿದವರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ: ಬಾಕ್ಸ್ ಸೈಕಲ್ ಮುಟ್ಟಬಾರದು ಎಂಬ ಆ ಮಾತು ನಡೆದದ್ದು ಎಲ್ಲಿ, ಯಾವ ದಿನ, ಅಲ್ಲಿ ಯಾರ್ಯಾರಿದ್ದರು. ಮುಟ್ಟಬಾರದು ಎಂದಷ್ಟೇ ಆಗಿತ್ತೋ, ಬಾಯಿಬಿಟ್ಟು ಹೇಳಲೂಬಾರದು ಎಂದು ಆಗಿತ್ತೋ. ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ, ಎಲ್ಲಿ ತಗೊಂಡೀರಿ ಎಂದು ಕೇಳದೆ ಪಾನಾ ಹಿಡಿಯುವ ಮಿಸ್ತ್ರಿ ಒಬ್ಬರಿದ್ದರೂ ಸಾಕು, ಯಾವ ಓಣಿ, ಅಂಗಡಿ ಎಷ್ಟಕ್ಕೆ ತೆರೆಯುತ್ತದೆ ಎಂದು ತಿಳಿಸಿ. ಸಮಾಧಾನದ ಮಾತು ಬರೆಯಬೇಡಿ.