ನಾಲ್ಕೂ ಟೈರಿನಲ್ಲಿ ಒಂದೇ ಗಾಳಿ

ಕಾರಿನಲ್ಲಿ ಇದ್ದದ್ದು ನಾವು ನಾಲ್ಕು ಜನ. ಸ್ಟೀರಿಂಗ್ ಹಿಡಿದವಳು ನನ್ನ ಅಕ್ಕ ಸುಧಾ. ಪಕ್ಕದಲ್ಲಿ, ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟುಕೊಂಡೇ ಕೂತವರು ವಾಮನ ಭಾವ. ಹಿಂದೆ ನಾನು ಮತ್ತು ಅಕ್ಕನ ಅತ್ತೆ ಕೃಷ್ಣಾಬಾಯಿ. ಅತ್ತೆಯ ತೊಡೆಯ ಮೇಲೆ ಅವಲಕ್ಕಿ ಡಬ್ಬಿ, ಕೈಯಲ್ಲಿ ಬೀಸಣಿಕೆ. (ಎ.ಸಿ. ಹಾಕಿತ್ತು. ಆದರೂ ಬೀಸಣಿಕೆ. ಮೇ ತಿಂಗಳಲ್ಲಿ ನಮ್ಮ ಕಡೆ ಯಾರೂ ಒಂದನ್ನೇ ನಂಬಿ ಕೂಡುವುದಿಲ್ಲ.)

ಸೇಡಂನಿಂದ ಸುಲೇಪೇಟಕ್ಕೆ ಹೊರಟಿದ್ದೆವು. ಮದುವೆಯಿಲ್ಲ, ಮುಂಜಿಯಿಲ್ಲ. ಅದು ಅಕ್ಕನ ಪರೀಕ್ಷೆ.

ಅಕ್ಕ ಸುಲೇಪೇಟದ ಶಾಲೆಯಲ್ಲಿ ಗಣಿತದ ಟೀಚರ್. ವರ್ಷಗಟ್ಟಲೆ ಬಸ್ಸಿನಲ್ಲಿ ಜೋತಾಡಿ, ಮೊಣಕಾಲು ಕೈಕೊಟ್ಟ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಲೈಸೆನ್ಸೂ ಬಂತು. ಸರ್ಕಾರ ಒಪ್ಪಿದರೆ ಸಾಕೇ? ಭಾವ ಒಪ್ಪಬೇಕಲ್ಲ!

"ಒಮ್ಮೆ ಹೋಗಿ ಬರೂಣು. ಸರಿ ಅನಿಸ್ತಂದ್ರ ಶಾಲಿ ಶುರು ಆದ ದಿನದಿಂದ ನೀನೇ ಓಡಿಸ್ಕೊಂಡು ಹೋಗು. ಇಲ್ಲಂದ್ರ ಬಸ್ಸು ಇದ್ದೇ ಅದ" ಎಂದಿದ್ದರು.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಅಕ್ಕನ ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತು.

"ಏನ್ ಒತ್ತಿದಿ?" ಎಂದರು ಭಾವ.

"ನಾ ಏನೂ ಒತ್ತಿಲ್ಲರಿ."

"ಮತ್ತ ಸುಮ್ನ ಹತ್ತತದೇನು? ನಾ ಓಡಸೂ ಮುಂದ ಒಂದು ದಿನಾನೂ ಹತ್ತಿಲ್ಲ."

ಹಿಂದಿನಿಂದ ಅತ್ತೆ ಬಗ್ಗಿ ನೋಡಿದರು. "ಭಗೋಣ್ಯಾಗ ಸೌಟು ಇಟ್ಟಂಗ ಕಾಣ್ತದಲ್ಲೋ ವಾಮನಾ. ಊಟದ ಹೊತ್ತಾತು ಅಂತ ಹೇಳಲಿಕತ್ತದೇನು?"

ನೋಡಿದರೆ ಹೌದು! ಅಡ್ಡ ಸೀಳಿದ ಪಾತ್ರೆ, ಒಳಗೆ ಆಶ್ಚರ್ಯಸೂಚಕ ಚಿಹ್ನೆ. ಟೈರಿನಲ್ಲಿ ಗಾಳಿ ಕಡಿಮೆ ಎಂದು ಕಾರು ಕೊಡುವ ಸೂಚನೆ ಅದು. ದೀಪ ಹತ್ತಿದ್ದು ಟೈರಿನ ಸಲುವಾಗಿ, ಬೈಸಿಕೊಂಡವಳು ಅಕ್ಕ. ಮನೆಯಲ್ಲಿ ಮಿಕ್ಸರ್ ಕೆಟ್ಟಾಗಲೂ ಹೀಗೇ ಅಲ್ಲವೇ? ಕೊನೆಗೆ ಮುಟ್ಟಿದವರೇ ಕೆಡಿಸಿದವರು.

"ಬಾಜೂಕ್ಕ ನಿಂದ್ರಸು. ನಾ ಕೂಡ್ತೀನಿ" ಎಂದರು ಭಾವ. ಅಕ್ಕನ ಮುಖ ಸಣ್ಣದಾಯಿತು. ಪರೀಕ್ಷೆ ಅಲ್ಲಿಗೇ ಮುಗಿಯಿತೆಂದು ನನಗೂ ಅನಿಸಿತು. ಆದರೆ ಆಕೆ ಸೀಟು ಬಿಡಲಿಲ್ಲ. ನಿಧಾನಕ್ಕೆ ಮುಂದೆ ಹೋಗಿ, ಬೇವಿನ ಮರದ ಕೆಳಗಿದ್ದ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದಳು.

ಅಂಗಡಿಯವರು ಮುಂದಿನ ಒಂದು ಟೈರಿಗೆ ಗಾಳಿ ಅಳೆಯುವ ಗೇಜ್ ಹಚ್ಚಿದರು. ಇಪ್ಪತ್ತನಾಲ್ಕು. ಮುಂದಿನ ಇನ್ನೊಂದು? ಇಪ್ಪತ್ತನಾಲ್ಕು. ಹಿಂದಿನ ಎರಡೂ ಅಷ್ಟೇ. ಅಕ್ಕ ಡ್ರೈವರ್ ಬಾಗಿಲು ತೆರೆದಳು. ಅದರ ಅಂಚಿಗೆ ಕಂಪನಿಯವರೇ ಅಂಟಿಸಿದ ಸ್ಟಿಕ್ಕರ್ ಇತ್ತು. ಇರಬೇಕಾದದ್ದು ಮೂವತ್ತಮೂರು.

"ಬ್ಯಾಸಗ್ಯಾಗ ಎಲ್ಲಾರೂ ಕಮ್ಮೀನೇ ಇಡ್ತಾರ ಮೇಡಂ, ನಡೀತದ" ಎಂದರು ಅಂಗಡಿಯವರು.

ಅಕ್ಕನ ಗಮನ ಬೇರೆ ಕಡೆ ಇತ್ತು. "ಮೊಳಿ ಚುಚ್ಚಿದ್ರ ಒಂದು ಟೈರ್ ಇಳೀಬೇಕು. ತಾನೇ ಸೋರಿದ್ರ ಒಂದೊಂದು ಒಂದೊಂದ್ ಥರ ಇರಬೇಕು. ನಾಲ್ಕೂ ಒಂದೇ ಸಮ ಇಳದಾವ ಅಂದ್ರ, ಯಾರೋ ಅಳತಿ ನೋಡಿ ಬಿಟ್ಟಾರ."

ಭಾವ ಬೇವಿನ ಮರ ನೋಡುತ್ತ ನಿಂತಿದ್ದರು. (ಮರದಲ್ಲಿ ನೋಡುವಂಥದ್ದೇನೂ ಇರಲಿಲ್ಲ.)

"ನಾನೇ" ಎಂದರು ಕೊನೆಗೆ. "ನಿನ್ನೆ ಸಂಜೀಕ, ಬಾಜೂ ಮನಿಯವರ ಗೇಜ್ ಇಸ್ಕೊಂಡು. ಇಷ್ಟು ಬಿಸಲಾಗ ಟೈರ್ ಉಬ್ಬಿ ಸಿಡೀತದ ಅಂತಾರ. ನಾ ಓಡಸೂ ಮುಂದ ಅಷ್ಟು ತಲಿ ಕೆಡಸ್ಕೊಂಡಿಲ್ಲ. ನೀ ಓಡಸ್ತಿ ಅಂತ ಅಂಜಿಕಿ ಆತು."

ಅಕ್ಕ ಡ್ರೈವರ್ ಬಾಗಿಲು ಮುಚ್ಚಿದಳು. "ಮುಂಜಾನಿ ಒಂದು ಮಾತು ಹೇಳಿದ್ರ ಏನಾಗ್ತಿತ್ರಿ?"

"ನೀ ಅಂಜತಿ ಅಂತ."

"ಹೌದ್ಹೌದು, ಅಕೀನೇ ಅಂಜಾಕಿ!" ಎಂದರು ಅತ್ತೆ, ಕಾರಿನೊಳಗಿಂದಲೇ.

ನಮ್ಮ ಕಡೆ ಹೀಗೆ ಗಾಳಿ ಇಳಿಸುವವರು ಭಾವ ಒಬ್ಬರೇ ಅಲ್ಲ. ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲೇ ಕೇಳಿ, ಬೇಸಿಗೆ ಬಂತೆಂದರೆ ಇದೇ ಸಲಹೆ. ನಿಜ ಮಾತ್ರ ಉಲ್ಟಾ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಕುಸಿಯುತ್ತದೆ, ಹೆಚ್ಚು ಕಾಯುತ್ತದೆ. ಸಿಡಿಯುವ ಭಯ ಇರುವುದು ಅದಕ್ಕೇ. ಆದರೆ ಭಾವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಆ ಉರಿ ಸೆಕೆಯಲ್ಲಿ ಒಂದೊಂದೇ ಟೈರಿನ ಮುಂದೆ ಕೂತು, ಹೆಂಡತಿಯ ಸಲುವಾಗಿ ಗಾಳಿ ಬಿಟ್ಟ ಮನುಷ್ಯ. ಕಾಳಜಿ ಇತ್ತು, ಒಂದು ಮಾತು ಹೇಳುವುದು, ಕೇಳುವುದು ಇರಲಿಲ್ಲ. ಎಷ್ಟು ಮನೆಗಳಲ್ಲಿ ಹೀಗಾಗುವುದಿಲ್ಲ ಹೇಳಿ?

"ಮೂವತ್ತಮೂರು ತುಂಬ್ರಿ ಅಣ್ಣಾ" ಎಂದಳು ಅಕ್ಕ. "ಈಗ ಟೈರ್ ಕಾದಾವ, ಗೇಜ್ ಜಾಸ್ತೀನೇ ತೋರಸ್ತದ. ನಾಳಿ ಮುಂಜಾನಿ ತಣ್ಣಗಿದ್ದಾಗ ಇನ್ನೊಮ್ಮೆ ನೋಡೂಣು."

ಗಾಳಿ ತುಂಬಿದ್ದಾಯಿತು. ಹೊರಟೆವು. ದೀಪ ಹಾಗೇ ಉರಿಯುತ್ತಿತ್ತು!

"ನಾ ಕೂಡ್ಲೇನು?" ಎಂದರು ಭಾವ. ಈ ಸಲ ದನಿ ಮೆತ್ತಗಿತ್ತು.

"ಬ್ಯಾಡ್ರಿ. ಸ್ವಲ್ಪ ಓಡಿದ ಮ್ಯಾಲ ತಾನೇ ಹೋಗ್ತದ. ನೀವು ಅವಲಕ್ಕಿ ತಿನ್ರಿ."

ಅತ್ತೆ ಡಬ್ಬಿ ಮುಂದೆ ದಾಟಿಸಿದರು. ಡಬ್ಬಿ ಹಿಡಿಯಲು ಒಂದು ಕೈ ಬೇಕು, ತಿನ್ನಲು ಇನ್ನೊಂದು. ಕಾರು ಓಡುತ್ತಿರುವಾಗ ಹ್ಯಾಂಡ್‌ಬ್ರೇಕಿನ ಮೇಲಿನ ಕೈ ಮೊದಲ ಸಲ ಎದ್ದಿತು.

ಸುಲೇಪೇಟದ ಮನೆಗಳು ಕಾಣುವ ಹೊತ್ತಿಗೆ ದೀಪ ಆರಿತು. ಭಾವ ಅದನ್ನು ನೋಡಿದರು, ಅಕ್ಕನೂ ನೋಡಿದಳು.

"ಸೌಟು ತಗದ್ರೇನು?" ಎಂದು ಕೇಳಿದರು ಅತ್ತೆ. ಅಕ್ಕ ಎಷ್ಟು ನಕ್ಕಳೆಂದರೆ ಕಾರು ನಿಲ್ಲಿಸಬೇಕಾಯಿತು.

ಪರೀಕ್ಷೆಯ ಫಲಿತಾಂಶವನ್ನು ಭಾವ ಬಾಯಿಬಿಟ್ಟು ಹೇಳಲೇ ಇಲ್ಲ. ಆದರೆ ಶಾಲೆ ಶುರುವಾದ ದಿನ ಮುಂಜಾನೆ ನಾನು ಅವರ ಮನೆಯಲ್ಲೇ ಇದ್ದೆ. ಹೊಸದಾಗಿ ಕೊಂಡ ಗೇಜ್ ಹಿಡಿದು ಭಾವ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನಾಲ್ಕನ್ನೂ ನೋಡಿ, ಮತ್ತೆ ಮೊದಲನೆಯದಕ್ಕೇ ಬಂದರು.

ಸೀಟಿನಲ್ಲಿ ಕೂತಿದ್ದ ಅಕ್ಕ ಹಾರ್ನ್ ಹೊಡೆದಳು. "ಏಳ್ರಿ, ಪ್ರೇಯರ್‌ಗೆ ತಡ ಆಗ್ಲಿಕತ್ತದ."

ಭಾವ ಎದ್ದು ಹೋಗಿ ಗೇಟು ತೆರೆದರು.