ಮಾಳಿಗೆಗೆ ಕಟ್ಟಿದ ರಾಟೆ

"ಉಸಿರು ಕಟ್ಟೋದು ಎಷ್ಟು ದಿನದಿಂದ ಐತಿ?"

ಹೊಸಪೇಟೆಯ ಡಾಕ್ಟರು ಕೇಳಿದ್ದು ನಮ್ಮ ಯಜಮಾನರನ್ನು. ಉತ್ತರ ಕೊಟ್ಟವಳು ನಾನು. ಮದುವೆಯಾದಾಗಿನಿಂದ ಅವರ ಪಾಲಿನ ಮಾತನ್ನೂ ನಾನೇ ಆಡುತ್ತಾ ಬಂದಿದ್ದೆ.

"ಹೋದ ತಿಂಗಳಿಂದ ರೀ. ಬರೇ ಕೆಮ್ಮು."

"ಮೆಟ್ಟಿಲು ಹತ್ತಿದ್ರ ಏದುಸಿರು ಬರ್ತೈತೇನು?"

"ಹತ್ತೋ ತ್ರಾಸೇ ಇಲ್ರಿ ಸರ್. ಮಾಳಿಗಿಗೆ ರಾಟಿ ಕಟ್ಯಾರ. ಕೆಳಗ ನಿಂತು ಹಗ್ಗ ಜಗ್ತಾರ, ಚೀಲ ಸಾಮಾನೆಲ್ಲ ಮ್ಯಾಲೆ ನಾ ತಗೋತೀನಿ. ನಮ್ಮ ಮನಿಯವ್ರ ತಲಿ ಭಾಳ ಚುರುಕು."

ಡಾಕ್ಟರು ಪೆನ್ನು ಕೆಳಗಿಟ್ಟು ಅವರ ಕಡೆ ತಿರುಗಿದರು. "ಯಾವಾಗ ಕಟ್ಟಿದ್ರಿ?"

"ಎರಡು ವರ್ಷ ಆತ್ರಿ." ಅವರು ನನ್ನ ಮುಖ ನೋಡಲಿಲ್ಲ.

ಎರಡು ವರ್ಷ.

ಎಕ್ಸ್-ರೇ ಆಯಿತು, ಸ್ಕ್ಯಾನ್ ಆಯಿತು. ಸಿಲಿಕೋಸಿಸ್ ಎಂದರು. ಸಂಡೂರಿನ ಹತ್ತಿರ ಕಲ್ಲು ಪುಡಿ ಮಾಡುವ ಒಂದು ಕ್ರಷರ್‌ನಲ್ಲಿ ಯಜಮಾನರು ಫಿಟ್ಟರ್. ಆ ಧೂಳು ಶ್ವಾಸಕೋಶದಲ್ಲಿ ಕೂತಿತ್ತು. ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲವಂತೆ.

ಬಸ್ಸಿನಲ್ಲಿ ಮನೆಯ ಸಾಮಾನುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಮಂಚದ ಪಕ್ಕಕ್ಕೆ ಬಂದ ನೀರಿನ ಮೋಟಾರಿನ ಸ್ವಿಚ್ಚು. ಕೂತೇ ನಿದ್ದೆ ಮಾಡಲು ಕಬ್ಬಿಣದ ಪೈಪಿನಲ್ಲಿ ಬೆಸೆದ ಒರಗು. ನಲ್ಲಿಯ ಹತ್ತಿರ ಗಿಡ್ಡ ಸ್ಟೂಲು. ಓಣಿಯವರನ್ನೆಲ್ಲ ಕರೆದು ತೋರಿಸಿದ್ದೆ. ನಿಮ್ಮ ಗಂಡಂದಿರಿಗೆ ಬುದ್ಧಿ ಇಲ್ಲ ಎಂದು ಛೇಡಿಸಿದ್ದೆ. ಒಂದೊಂದೂ ಅವರ ಕೈಲಾಗದೆ ಹೋದ ಒಂದೊಂದು ಕೆಲಸ ಎಂಬುದು ನನಗೆ ಹೊಳೆದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನನಗೆ ಬೇಕಾಯಿತು.

"ಯಾಕ ಹೇಳಲಿಲ್ರಿ?"

"ಹೇಳಿದ್ರ ಕೆಲಸ ಬಿಡಿಸ್ತಿದ್ದಿ."

"ಬಿಡಿಸ್ದೇ ಬಿಡ್ತಿದ್ನಾ?"

"ಅದಕ್ಕ. ಸುಮಾಳ ಓದು ಮುಗೀಲಿ ಅಂತ."

ಸುಮಾ ನಮ್ಮ ಮಗಳು, ನರ್ಸಿಂಗ್ ಓದುತ್ತಿದ್ದಳು. ನನಗೆ ಬಂದ ಸಿಟ್ಟಿಗೆ ಅಳುವೂ ಬರಲಿಲ್ಲ.

ಮನೆಗೆ ಆಕ್ಸಿಜನ್ ಮೆಷಿನ್ ಬಂತು. ಅದರ ಸದ್ದಿಗೆ ಮಗಳ ಓದು ಕೆಡುತ್ತದೆಂದು ಮೂರನೆಯ ದಿನವೇ ಹಳೆಯ ಟೈರು ಕತ್ತರಿಸಿಕೊಂಡು ಕೂತರು. ನಾಲ್ಕು ತುಂಡು ಕತ್ತರಿಸಲು ಒಂದು ಮಧ್ಯಾಹ್ನ ಹಿಡಿಯಿತು. ನಾನು ಮಾಡುತ್ತೇನೆಂದರೆ ಚಾಕು ಕೊಡಲಿಲ್ಲ. ಮೆಷಿನ್ನಿನ ಕೆಳಗೆ ಅವನ್ನಿಟ್ಟ ಮೇಲೆ ಸದ್ದು ನಿಜಕ್ಕೂ ಕಡಿಮೆಯಾಯಿತು. ಅವರು ಮಾಡಿದ ಕೊನೆಯ ಕೆಲಸ ಅದು. ಆಮೇಲೆ ರೊಟ್ಟಿ ಬಿಟ್ಟು ಗಂಜಿ, ಗಂಜಿ ಬಿಟ್ಟು ಚಮಚದಲ್ಲಿ ಹಾಲು. ನಾನೊಬ್ಬಳೇ ಎತ್ತಿ ಕೂರಿಸುವಷ್ಟು ಹಗುರಾದರು.

ಯುಗಾದಿಗೆ ಮೊದಲು, ಒಂದು ಬೆಳಿಗ್ಗೆ ಹೋದರು.

ಬೂದಿ ಬಿಡಲು ಹಂಪಿಯ ಹೊಳೆಗೆ ಹೋದೆವು. ಮೈದುನ ಗಾದೆಪ್ಪ ಗಡಿಗೆ ಹಿಡಿದಿದ್ದ. ಅವನೂ ಅದೇ ಕ್ರಷರ್‌ನಲ್ಲಿ ದುಡಿಯುತ್ತಿದ್ದವನು. ವಾಪಸು ದಂಡೆ ಏರುವಾಗ ಅರ್ಧದಲ್ಲಿ ನಿಂತ. ಫೋನ್ ಕಿವಿಗಿಟ್ಟುಕೊಂಡ. ತುಟಿ ಅಲುಗುತ್ತಿರಲಿಲ್ಲ, ಎದೆ ಮಾತ್ರ ಏರಿಳಿಯುತ್ತಿತ್ತು. ಎಲ್ಲರೂ ಮುಂದೆ ಹೋದರು. ನಾನು ಹಿಂದಿರುಗಿದೆ.

"ಯಾರ ಫೋನು?"

"ಗೆಳ್ಯಾಂದು, ಅತ್ತಿಗಿ. ನೀವು ನಡೀರಿ."

ಕೈಯಿಂದ ಕಸಿದುಕೊಂಡೆ. ಯಾವ ಕರೆಯೂ ಇರಲಿಲ್ಲ.

"ಎಷ್ಟು ದಿನದಿಂದ ಗಾದೆಪ್ಪ?"

ಅವನು ಅಲ್ಲೇ ಕೂತು ಅತ್ತ. ಸೂತಕದ ಮನೆಯಿಂದ ಆಸ್ಪತ್ರೆಗೆ ಯಾಕೆಂದು ಹಿರಿಯರು ತಡೆದರು. ನಾನು ಕೇಳಲಿಲ್ಲ. ಮರುದಿನವೇ ಅದೇ ಡಾಕ್ಟರ ಮುಂದೆ ಕೂರಿಸಿದೆ. ಈ ಸಲ ನಾನು ಬಾಯಿ ತೆರೆಯಲಿಲ್ಲ. ಅವನೇ ಎಲ್ಲ ಹೇಳಿದ.

"ಇನ್ನೂ ಶುರುವಿನಾಗ ಐತಿ. ಇವತ್ತೇ ಧೂಳು ಬಿಟ್ರ ಇಲ್ಲಿಗೇ ನಿಲ್ಲಬಹುದು. ಖಾತ್ರಿ ಕೊಡಂಗಿಲ್ಲ," ಎಂದರು ಡಾಕ್ಟರು.

ಅವತ್ತೇ ಬಿಡಿಸಿದೆ. ಈಗ ಅವನಿಗೆ ಕಮಲಾಪುರದ ಬಾಳೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಸಂಬಳ ಕಡಿಮೆ. ಅವನ ಹೆಂಡತಿ ಸಿಕ್ಕಾಗಲೆಲ್ಲ ನನ್ನನ್ನು ಬೈಯುತ್ತಾಳೆ. ಬೈಯಲಿ. "ಸಾಕು ಸುಮ್ನಿರಲೇ," ಎನ್ನಲು ಅವಳ ಪಕ್ಕದಲ್ಲಿ ಗಂಡ ಕೂತಿರುತ್ತಾನೆ.