ಎರಡು ವರ್ಷದ ಹಸಿರು

ನಮ್ಮ ಪಕ್ಕದ ಮನೆಯ ನುಜ್ಹತ್ ಗಿಡಕ್ಕೆ ಸಲಾಮ್ ಹೇಳುವವಳು. ನಗಬೇಡಿ, ನಾನೂ ಮೊದಲು ನಕ್ಕವಳೇ. ದಾವಣಗೆರೆಯವಳು, ಐಂಡ್‌ಹೋವನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ತಪ್ಪು ಹುಡುಕುವುದೇ ಅವಳ ಕೆಲಸ. ಅದರ ಪಕ್ಕದ, 'ಬೆಸ್ಟ್' ಎಂಬ ಹೆಸರಿನ ಈ ಡಚ್ ಊರಿಗೆ ನಾವಿಬ್ಬರೂ ಒಂದೇ ವರ್ಷ ಬಂದವರು.

ಗಿಡ ಅವಳ ಗಂಡ ರಹೀಂ ತಂದದ್ದು. ಆಸ್ಟ್ರೇಲಿಯಾದ ಹುಲ್ಲುಮರ. ಮೋಟು ಕಪ್ಪು ಕಾಂಡ, ನೆತ್ತಿಯ ಮೇಲೆ ಎಣ್ಣೆ ಕಾಣದ ತಲೆಗೂದಲಿನ ಹಾಗೆ ಕೆದರಿದ ಹುಲ್ಲು. ವರ್ಷಕ್ಕೆ ಒಂದು ಬೆರಳಗಲ ಬೆಳೆದರೆ ಹೆಚ್ಚು. "ನಾವು ಹೋದ್ಮೇಲೂ ಇದು ಇರತ್ತೆ, ಪ್ರಭಾ ಅವ್ರೇ," ಎನ್ನುತ್ತಿದ್ದರು ರಹೀಂ. ಹೃದಯ ನಿಂತಾಗ ಅವರಿಗೆ ನಲವತ್ತಾರು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಜನ ಬರುತ್ತಾರೆಂದು ನುಜ್ಹತ್ ಮನೆಯೆಲ್ಲ ತೊಳೆದಳು. ಕೈ ಸುಮ್ಮನಿರಲಿಲ್ಲ ಪಾಪ. ಗಿಡವನ್ನೂ ಕಿತ್ತು, ಬೇರಿನ ಮಣ್ಣು ತೊಳೆದು, ಹೊಸ ಕುಂಡಕ್ಕೆ ಹಾಕಿದಳು. ಕುಂಡ ಹಿಡಿದುಕೊಂಡಿದ್ದವಳು ನಾನೇ.

ಆಮೇಲೆ ನರ್ಸರಿಯ ಮುದುಕ ಹೇಳಿದ, ಇದರ ಬೇರು ಮುಟ್ಟಬಾರದಿತ್ತು ಎಂದು. ಸತ್ತರೂ ತಿಳಿಯುವುದಿಲ್ಲವಂತೆ. ಕಾಂಡದಲ್ಲಿ ಕೂಡಿಟ್ಟದ್ದನ್ನು ತಿಂದುಕೊಂಡು ಎರಡು ವರ್ಷ ಹಸಿರಾಗಿಯೇ ನಿಂತಿರುತ್ತದೆ. ನಡುವಿನ ಎಲೆ ಎಳೆದಾಗ ಕೈಗೆ ಬಂತೋ, ಮುಗಿಯಿತು.

ಎಳೆಯಲು ಅವಳು ಒಪ್ಪಲಿಲ್ಲ. "ಇದನ್ನೂ ನನ್ ಕೈಯಾರೆ ಕಳ್ಕೊಂಡಿದೀನಿ ಅಂದ್ರೆ ನಾನು ತಡ್ಕೊಳಲ್ಲ ಪ್ರಭಾ."

ಬೆಳಿಗ್ಗೆ ರೈಲಿಗೆ ಹೊರಡುವಾಗ ಸಲಾಮ್, ಬಂದ ಮೇಲೆ ಸಲಾಮ್, ಗಿಡದೊಳಗೆ ರಹೀಂ ಕೂತಿದ್ದಾರೆ ಎಂಬಂತೆ. ಗುರುವಾರ ಸಂಜೆ ಲೋಬಾನದ ಹೊಗೆ. ಮನೆಯೊಳಗೆ ಅಲಾರ್ಮ್ ಬಡಿದುಕೊಳ್ಳುತ್ತದೆಂದು ಕೆಂಡದ ಬಟ್ಟಲು ಹಿಂದಿನ ಗಾಜಿನ ಕೋಣೆಗೆ, ಗಿಡದ ಪಕ್ಕಕ್ಕೆ ಹೋಯಿತು. ಕಾಡ್ಗಿಚ್ಚಿನ ಹೊಗೆ ತಾಗಿದರೆ ಈ ಮರ ಹೂ ಬಿಡುತ್ತದಂತೆ ಎಂದು ಎಲ್ಲೋ ಓದಿ ಹೇಳಿಬಿಟ್ಟೆ. ನನ್ನ ಬಾಯಿ ಸುಮ್ಮನಿರಬಾರದೇ! ಅಂದಿನಿಂದ ದಿನವೂ ಹೊಗೆ.

ಒಮ್ಮೆ ಅವಳು ಊರಿಗೆ ಹೋಗಿದ್ದಾಗ ನೀರು ಹಾಕಲು ಹೋದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಎಲೆಗಳು ಸರಸರ ಎಂದವು. ಹತ್ತು ದಿನ ಬೀಗ ಹಾಕಿದ್ದ ಮನೆಯಲ್ಲಿ ಲೋಬಾನ ಈಗಷ್ಟೇ ಹಾಕಿದಂತೆ ಘಮ್ಮೆನ್ನುತ್ತಿತ್ತು. ಹಾಳಾದ್ದು, ನಾನೂ ಸಲಾಮ್ ಹೇಳಿ ಓಡಿಬಂದೆ.

ಕಳೆದ ವಾರ ತಡೆಯಲಾಗಲಿಲ್ಲ. ಅವಳು ಚಹಾ ತರಲು ಒಳಗೆ ಹೋದಾಗ ನಡುವಿನ ಎಲೆಗಳನ್ನು ಹಿಡಿದು ಎಳೆದೆ. ಹಿಡಿಯಷ್ಟು ಕೈಗೆ ಬಂದವು. ತುದಿ ಹಸಿರು, ಬುಡ ಕಪ್ಪಗೆ ಕೊಳೆತಿತ್ತು.

ತಿರುಗಿದರೆ ಬಾಗಿಲಲ್ಲಿ ಅವಳು, ಕೈಯಲ್ಲಿ ಎರಡು ಕಪ್.

"ತಪ್ಪಾಯ್ತು ಕಣೇ ನುಜ್ಹತ್. ಇದು ಯಾವತ್ತೋ ಸತ್ತು..."

"ಮೆಲ್ಲಗೆ ಮಾತಾಡೇ," ಎಂದು ಕಪ್ ಕೆಳಗಿಟ್ಟಳು. "ನಂಗೊತ್ತು. ಹೋದ್ ತಿಂಗ್ಳೇ ಎಳೆದು ನೋಡಿದ್ದೆ."

ನನ್ನ ಕೈಯಿಂದ ಎಲೆಗಳನ್ನು ತೆಗೆದುಕೊಂಡು ಒಂದೊಂದನ್ನೇ ಮತ್ತೆ ನಡುವೆ ಸಿಕ್ಕಿಸಿದಳು.

"ಅವರಿಗಿನ್ನೂ ಗೊತ್ತಿಲ್ಲ."